ಜಾತ್ರೆಯೂರಿನಲ್ಲಿ ಚೊಲೋ ಊಟ

ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ದಿನ ನಿಕ್ಕಿಯಾಯಿತೆಂದರೆ ಶಿರಸಿಯವರ ಮನೆಗೆ ಫೋನು ಬರಲು ಶುರು. ಬೆಂಗಳೂರಿನ ಭಾವ, ಹುಬ್ಬಳ್ಳಿಯ ಸ್ನೇಹಿತರು, ಪುಣೆಯಲ್ಲಿ ನೆಲೆನಿಂತ ಅತ್ತೆಯ ಮಗ, ಎಲ್ಲರೂ ಕೇಳುವುದು ಎರಡೇ ಮಾತು. ಉಳಿಯಲು ರೂಮು ಸಿಕ್ಕೀತಾ? ಊಟಕ್ಕೆ ಎಲ್ಲಿ ಚೊಲೋ? ರೂಮಿನ ಮಾತು ಬೇಗ ಮುಗಿಯುತ್ತದೆ. ಆ ಎಂಟೊಂಬತ್ತು ದಿನ ಊರಿನ ಲಾಡ್ಜುಗಳೆಲ್ಲ ಮೊದಲೇ ತುಂಬಿರುತ್ತವೆ, ‘ಮನೆಗೇ ಬನ್ನಿ’ ಎನ್ನುತ್ತೇವೆ. ಊಟದ ಪ್ರಶ್ನೆಗೆ ಮಾತ್ರ ಯಾವುದೋ ಒಂದು ಹೋಟೆಲಿನ ಹೆಸರು ಹೇಳಿ ಮುಗಿಸುತ್ತೇವೆ. ಅಷ್ಟು ಸಾಲದು. ಹೊರಗಿನಿಂದ ಬಂದವರಿಗೆ ಬೇಕಾಗಿರುವುದು ಹೆಸರಲ್ಲ, ಆರಿಸುವ ಬಗೆ.

ಈ ಅಂಕಣದಲ್ಲಿ ನಾನು ಒಂದು ಹೋಟೆಲಿನ ಹೆಸರನ್ನೂ ಬರೆಯುವುದಿಲ್ಲ. ನಮ್ಮ ಕಡೆ ಬೋರ್ಡು ಉಳಿದು ಅಡಿಗೆಯವ ಬದಲಾಗುತ್ತಾನೆ. ಕಳೆದ ಜಾತ್ರೆಯಲ್ಲಿ ಬಾಯಿ ಚಪ್ಪರಿಸಿದ ಸಾರು ಈ ಜಾತ್ರೆಯ ಹೊತ್ತಿಗೆ ಬೇರೆ ಕೈಯ ಸಾರಾಗಿರುತ್ತದೆ. ಫಾಲ್ಗುಣದಿಂದ ವೈಶಾಖದವರೆಗೆ ಮದುವೆ, ಉಪನಯನ, ಗೃಹಪ್ರವೇಶಗಳ ಕಾಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಪಳಗಿದ ಅಡಿಗೆ ಭಟ್ಟರೆಲ್ಲ ಆಗ ಯಾವುದೋ ಹಂದರದ ಹಿಂದೆ ಕೊಪ್ಪರಿಗೆಯ ಮುಂದೆ ಇರುತ್ತಾರೆ. ಜಾತ್ರೆ ಬೀಳುವುದೂ ಅದೇ ಸುಮಾರಿಗೆ. 2024ರಲ್ಲಿ ಮಾರ್ಚ್ 19ರಿಂದ 27ರವರೆಗೆ ನಡೆಯಿತು. ಊರಿಗೆ ಲಕ್ಷಗಟ್ಟಲೆ ಜನ ಬರುವ ವಾರ, ಒಳ್ಳೆಯ ಕೈಗಳು ಹೋಟೆಲುಗಳಲ್ಲಿ ಕಡಿಮೆ ಇರುವ ವಾರವೂ ಹೌದು. ಹೀಗಿರುವಾಗ ಹೆಸರು ನಂಬಿ ಹೋದವರು ಹೆಸರನ್ನೇ ಉಂಡು ಬರಬೇಕಾಗುತ್ತದೆ.

ಜಾತ್ರೆಯ ಪೇಟೆಯ ಲೆಕ್ಕವೂ ತಿಳಿದಿರಲಿ. ಮಂಗಳವಾರ ರಾತ್ರಿ ದೇವಿಯ ಕಲ್ಯಾಣ, ಬುಧವಾರ ರಥ, ಆಮೇಲೆ ಬಿಡಕಿಬೈಲಿನ ಗದ್ದುಗೆಯಲ್ಲಿ ದರ್ಶನ. ಆ ಗದ್ದುಗೆಯ ಸುತ್ತ ತೊಟ್ಟಿಲು, ಸರ್ಕಸ್ಸು, ನಾಟಕ ಕಂಪನಿ, ಬಳೆ ಅಂಗಡಿ, ಅವುಗಳ ನಡುವೆ ತಗಡು ಹೊದಿಸಿದ ತಾತ್ಪೂರ್ತಿಕ ಹೋಟೆಲುಗಳು. ಈ ಹೋಟೆಲುಗಳಿಗೆ ಜಾಗದ ಬಾಡಿಗೆ ದೊಡ್ಡದು, ವ್ಯಾಪಾರದ ದಿನಗಳು ಕಡಿಮೆ. ಹಾಕಿದ ದುಡ್ಡು ವಾರದೊಳಗೆ ಹುಟ್ಟಬೇಕು. ಅದಕ್ಕಾಗಿ ಅವು ಬೇಗ ಮಾಡಿ ಬೇಗ ಮಾರುವ ತಿಂಡಿಯನ್ನು ಹಿಡಿಯುತ್ತವೆ. ಮಿರ್ಚಿ ಭಜಿ, ಗಿರ್ಮಿಟ್, ಗೋಬಿ ಮಂಚೂರಿ ಎಲ್ಲವೂ ಅದಕ್ಕೆ ಹೇಳಿ ಮಾಡಿಸಿದಂಥವು. ಅವನ್ನು ತಿನ್ನಬಾರದೆಂದು ನಾನು ಹೇಳುವುದಿಲ್ಲ. ಧಾರವಾಡ ಕಡೆಯಿಂದ ಬಂದವರು ಕಣ್ಣೆದುರಿಗೆ ಕಲಸಿ ಕೊಡುವ ಗಿರ್ಮಿಟ್ ಜಾತ್ರೆಯ ಸಂಜೆಗೆ ಒಪ್ಪುತ್ತದೆ. ಎಣ್ಣೆ ಕಪ್ಪಾಗಿಲ್ಲದ ಬಾಣಲೆ ನೋಡಿ ನಿಂತರೆ ಮಿರ್ಚಿಯೂ ಚೊಲೋ. ಆದರೆ ಊಟಕ್ಕೆ ಅಲ್ಲಿ ಕೂರಬೇಡಿ. ಗದ್ದುಗೆಯಿಂದ ದೂರ ಹೋದಷ್ಟೂ ಊಟದ ರುಚಿ ಏರುತ್ತದೆ ಎಂಬುದು ಶಿರಸಿಯವರೆಲ್ಲ ಕಂಡುಕೊಂಡ ಮಾತು.

ಇದು ನಮ್ಮ ಊರಿನದಷ್ಟೇ ಕತೆಯಲ್ಲ. ಜನರನ್ನು ಸೆಳೆಯುವ ದೊಡ್ಡದೊಂದು ಆಕರ್ಷಣೆ ಇರುವ ಊರಲ್ಲೆಲ್ಲ ಊಟಕ್ಕೆ ಇದೇ ಗತಿ. ಅಮೆರಿಕದ ಲಾಸ್ ವೇಗಸ್ ಜೂಜಿನ ಊರು. ಅಲ್ಲಿನ ಕ್ಯಾಸಿನೋಗಳು ಬಹಳ ಕಾಲ ಊಟವನ್ನು ಅಗ್ಗಕ್ಕೆ ಕೊಟ್ಟವು. ಗೋಲ್ಡನ್ ಗೇಟ್ ಎಂಬ ಕ್ಯಾಸಿನೋ 1959ರಲ್ಲಿ ಸಿಗಡಿಯ ಬಟ್ಟಲನ್ನು 50 ಸೆಂಟಿಗೆ ಮಾರಲು ಶುರುಮಾಡಿ ಹೆಸರಾಯಿತು. ಹಸಿವೆಯಾಯಿತೆಂದು ಆಟಗಾರ ಎದ್ದು ಹೊರಗೆ ಹೋಗಬಾರದು ಎಂಬುದು ಅದರ ಹಿಂದಿನ ಲೆಕ್ಕ. ಈಗ ಅದೇ ಕಟ್ಟಡಗಳಲ್ಲಿ ಹೆಸರಾಂತ ಬಾಣಸಿಗರ ದುಬಾರಿ ಹೋಟೆಲುಗಳಿವೆ. ನಿಜವಾಗಿ ಚೊಲೋ ಸ್ಟೇಕ್, ಅಂದರೆ ದಪ್ಪಗೆ ಕೊಯ್ದು ಕೆಂಡದ ಮೇಲೆ ಸುಟ್ಟ ದನದ ಮಾಂಸ, ಬೇಕೆಂದವರಿಗೆ ಆ ಊರಿನ ಹಳಬರು 1958ರಿಂದ ನಡೆಯುತ್ತಿರುವ ಗೋಲ್ಡನ್ ಸ್ಟಿಯರ್‌ನಂಥ ಬೇರೆಯದೇ ಮನೆಗಳನ್ನು ತೋರಿಸುತ್ತಾರೆ. ಅಲ್ಲಿ ತಿಳಿದವರು ಕೇಳುವ ಪ್ರಶ್ನೆ ನನಗೆ ಹಿಡಿಸಿತು: ಮಾಂಸವನ್ನು ಎಷ್ಟು ವಾರ ಹದಕ್ಕೆ ಇಟ್ಟಿದ್ದೀರಿ? ತಂಪಿನಲ್ಲಿ ಮೂರು ನಾಲ್ಕು ವಾರ ಇಟ್ಟ ಮಾಂಸದ ನಾರು ಸಡಿಲಾಗಿ ರುಚಿ ಕೂಡುತ್ತದೆ. ಆ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಜಾಗದಲ್ಲಿ ಅವರು ಕೂರುತ್ತಾರೆ. ನಮ್ಮ ಹುಡುಗರು ಗೋವೆಗೆ ಹೋಗಿ ಪಣಜಿಯ ಮಾಂಡವಿ ನದಿಯ ಕ್ಯಾಸಿನೋ ಹಡಗುಗಳಲ್ಲಿ ಊಟ ಮಾಡಿ ಬರುತ್ತಾರೆ. ಅಲ್ಲಿಯೂ ಊಟದ ದುಡ್ಡು ಪ್ರವೇಶದ ಟಿಕೆಟಿನೊಳಗೇ ಸೇರಿರುತ್ತದೆ. ಬಿಡಿಯಾಗಿ ಬೆಲೆ ಕಟ್ಟದ ಊಟದ ಮೇಲೆ ಅಡಿಗೆಮನೆಗೆ ಎಷ್ಟು ಕಾಳಜಿ ಉಳಿದೀತು?

ಹಾಗಾದರೆ ಶಿರಸಿಯಲ್ಲಿ ಕೇಳಬೇಕಾದ ಪ್ರಶ್ನೆ ಯಾವುದು? ‘ಇವತ್ತು ತಂಬುಳಿ ಯಾವುದು?’

ಈ ಪ್ರಶ್ನೆಗೆ ಒಂದು ಕ್ಷಣವೂ ಯೋಚಿಸದೆ ‘ಒಂದೆಲಗ’ ಎಂದೋ ‘ದೊಡ್ಡಪತ್ರೆ’ ಎಂದೋ ಮಾಣಿ ಹೇಳಿದರೆ ಅಲ್ಲಿ ಧೈರ್ಯವಾಗಿ ಕೂತುಕೊಳ್ಳಿ. ‘ತಂಬುಳಿನಾ? ಅದೆಲ್ಲ ಮಾಡೂದಿಲ್ಲ, ಮೀಲ್ಸ್ ಇದೆ’ ಎಂದರೆ ಮುಂದಿನ ಬಾಗಿಲು ನೋಡಬಹುದು. ಒಂದು ತೆಳ್ಳಗಿನ ಪದಾರ್ಥದ ಮೇಲೆ ಇಷ್ಟು ಭಾರ ಹೊರಿಸುವುದಕ್ಕೆ ಕಾರಣವಿದೆ. ತಂಬುಳಿ ಮಾಡುವ ಬಗೆ ನೋಡಿ. ಸೊಪ್ಪನ್ನೋ ಕುಡಿಯನ್ನೋ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿಯೊಂದಿಗೆ ನುಣ್ಣಗೆ ಬೀಸಿ, ಮಜ್ಜಿಗೆಯಲ್ಲಿ ಕದಡಿ, ಮೇಲಿಂದ ಒಣಮೆಣಸಿನ ಒಗ್ಗರಣೆ. ಕುದಿಸುವ ಹಾಗಿಲ್ಲ. ಬಿಸಿಲಿನ ದಿನ ಒಂದೆರಡು ತಾಸು ಕಳೆದರೆ ಹುಳಿ ಏರುತ್ತದೆ, ಕಾಯಿ ವಾಸನೆ ತಿರುಗುತ್ತದೆ. ಬೆಳಿಗ್ಗೆ ಮಾಡಿ ಸಂಜೆಯವರೆಗೆ ಬಿಸಿ ಮಾಡುತ್ತ ಬಡಿಸಲು ಬರುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಕೆಂಪು ಗ್ರೇವಿಯನ್ನು ನಾಲ್ಕು ಹೆಸರಿನಲ್ಲಿ ಬಡಿಸುವ ಅಡಿಗೆಮನೆಗೆ ತಂಬುಳಿ ಸಾಧ್ಯವೇ ಇಲ್ಲ. ಅದು ಇದೆ ಎಂದರೆ ಅಲ್ಲಿ ಇವತ್ತು ಯಾರೋ ಕಾಯಿ ತುರಿದಿದ್ದಾರೆ, ಇವತ್ತಿನ ಮಜ್ಜಿಗೆ ಇದೆ, ಹಿತ್ತಲಿನಿಂದಲೋ ಸಂತೆಯಿಂದಲೋ ಸೊಪ್ಪು ಬಂದಿದೆ ಎಂದು ಅರ್ಥ. ಉಳಿದ ಪದಾರ್ಥಗಳ ಮೇಲೂ ಆ ಅಡಿಗೆಮನೆಯ ಕೈ ಹಾಗೇ ಇರುತ್ತದೆ.

ಇಷ್ಟು ಒಳ್ಳೆಯ ಊಟವಿದ್ದೂ ಅದು ನಮ್ಮದೇ ಹೋಟೆಲುಗಳಲ್ಲಿ ಯಾಕೆ ಸಿಗುವುದಿಲ್ಲ ಎಂದು ಬಂದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಪ್ಪೆಹುಳಿ, ತಂಬುಳಿ, ಹಶಿ, ಸಾಸ್ಮೆ, ಪಳದ್ಯ, ಮೊಗೆಕಾಯಿ ದೋಸೆ, ತೆಳ್ಳೇವು, ಹಲಸಿನ ಕಡುಬು ಇವೆಲ್ಲ ಮನೆಯೊಳಗೇ ಬೆಳೆದ ಅಡಿಗೆಗಳು. ಅಡಿಕೆ ತೋಟದ ಒಂಟಿ ಮನೆಗಳಲ್ಲಿ ಬದುಕಿದವರಿಗೆ ಪೇಟೆಯ ಹೋಟೆಲಿನಲ್ಲಿ ಉಣ್ಣುವುದು ರೂಢಿಯಲ್ಲಿ ಇರಲಿಲ್ಲ. ಹೋದಲ್ಲಿ ನೆಂಟರ ಮನೆ ಇರುತ್ತಿತ್ತು, ಮಡಿ ಮೈಲಿಗೆಯ ಕಟ್ಟುಗಳೂ ಇದ್ದವು. ಪೇಟೆಯಲ್ಲಿ ಹೋಟೆಲು ಇಟ್ಟವರು ಹೆಚ್ಚಾಗಿ ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಅವರು ತಂದದ್ದು ಇಡ್ಲಿ, ವಡೆ, ಬನ್ಸ್, ಮಸಾಲೆದೋಸೆ. ಅವರ ಕೈಯ ಬನ್ಸ್ ಭಾಜಿ ಇವತ್ತಿಗೂ ನಮ್ಮ ಮೂರೂ ತಾಲೂಕಿನ ಬೆಳಗಿನ ಹೊಟ್ಟೆ ತುಂಬಿಸುತ್ತದೆ, ಆ ಋಣ ದೊಡ್ಡದು. ಇನ್ನೊಂದು ಕಾರಣ ಬೆಲೆಯದು. ಅಪ್ಪೆಹುಳಿ ಎಂದರೆ ಹುಳಿ ಮಾವಿನಕಾಯಿಯನ್ನು ಬೇಯಿಸಿ, ಕಿವುಚಿ, ನೀರು ಬೆರೆಸಿ, ಉಪ್ಪು, ಹಸಿಮೆಣಸು, ಚೂರು ಬೆಲ್ಲ ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟದ್ದು. ಅದನ್ನು ಲೋಟದಲ್ಲಿ ಕುಡಿದು ಮಧ್ಯಾಹ್ನ ಮಲಗುವ ಸುಖ ಬಲ್ಲವರೇ ಬಲ್ಲರು. ಆದರೆ ನೀರಿನಷ್ಟು ತೆಳುವಾದ ಅದಕ್ಕೆ ಮೆನುವಿನಲ್ಲಿ ಎಷ್ಟು ರೂಪಾಯಿ ಬರೆಯುವುದು ಎಂದು ಹೋಟೆಲಿನವರಿಗೆ ಹಿಂಜರಿಕೆ. ಪನೀರಿಗೆ ಬೆಲೆ ಹಾಕಲು ಯಾರಿಗೂ ಹಿಂಜರಿಕೆಯಿಲ್ಲ. ಇದು ನನಗೆ ನೋವಿನ ಸಂಗತಿ. ನೂರಾರು ಮೈಲಿ ದೂರದಿಂದ ಶಿರಸಿಗೆ ಬಂದವರು ಶಿರಸಿಯ ಒಂದು ತುತ್ತನ್ನೂ ಉಣ್ಣದೆ ವಾಪಸು ಹೋಗುತ್ತಾರೆ.

ಹೊತ್ತು ಬಹಳ ಮುಖ್ಯ. ಊಟದ ಹೋಟೆಲಿಗೆ ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಹೋಗಿ. ಎರಡೂವರೆ ದಾಟಿದರೆ ಹುಳಿಗೆ ನೀರು ಬಿದ್ದಿರುತ್ತದೆ, ಪಲ್ಯ ತಳ ಕಂಡಿರುತ್ತದೆ. ಯಾರು ಕೂತು ಉಣ್ಣುತ್ತಿದ್ದಾರೆ ಎಂದೂ ನೋಡಿ. ಅಡಿಕೆ ವ್ಯಾಪಾರದ ದಿನ ಶಿರಸಿಯ ಮಾರ್ಕೆಟ್ ಯಾರ್ಡಿಗೂ, 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೊಸೈಟಿಗೂ ಹಳ್ಳಿಗಳಿಂದ ಬೆಳೆಗಾರರು ಬರುತ್ತಾರೆ. ಟೆಂಡರು ಮುಗಿಸಿ ಅವರು ಉಣ್ಣಲು ಕೂರುವ ಜಾಗವೇ ನನ್ನ ಮಟ್ಟಿಗೆ ಊರಿನ ಒಳ್ಳೆಯ ಜಾಗ. ದಿನಾ ಮನೆಯಲ್ಲಿ ಕಡೆದ ಮಜ್ಜಿಗೆ ಉಣ್ಣುವವನಿಗೆ ನೀರು ಮಜ್ಜಿಗೆ ಬಡಿಸಿ ದಕ್ಕಿಸಿಕೊಳ್ಳಲು ಆಗುವುದಿಲ್ಲ. ಅವನು ಎರಡನೆಯ ಸಲ ಬರುವುದಿಲ್ಲ. ಪ್ರವಾಸಿ ಹೇಗಿದ್ದರೂ ಎರಡನೆಯ ಸಲ ಬರುವವನಲ್ಲ ಎಂಬ ಎಣಿಕೆಯಲ್ಲಿ ನಡೆಯುವ ಹೋಟೆಲಿಗೂ, ನಾಳೆಯೂ ಅವನೇ ಬರಬೇಕು ಎಂದು ನಡೆಯುವ ಹೋಟೆಲಿಗೂ ಇರುವ ವ್ಯತ್ಯಾಸ ಮೊದಲ ತುತ್ತಿಗೇ ತಿಳಿಯುತ್ತದೆ.

ಬೋರ್ಡು ಉದ್ದವಿದ್ದಷ್ಟೂ ಅನುಮಾನಿಸಿ. ಉತ್ತರ ಭಾರತದ್ದು, ದಕ್ಷಿಣ ಭಾರತದ್ದು, ಚೈನೀಸು, ತಂದೂರಿ ಎಲ್ಲ ಒಂದೇ ಒಲೆಯಲ್ಲಿ ಆಗುವಂಥದ್ದಲ್ಲ.

ಎಲೆಗೆ ಮೊದಲು ಬೀಳುವುದು ಉಪ್ಪಿನಕಾಯಿ. ನಾನಂತೂ ಹೊಸ ಜಾಗದಲ್ಲಿ ಅದನ್ನೇ ಮೊದಲು ನೋಡುತ್ತೇನೆ. ಅಘನಾಶಿನಿ, ಬೇಡ್ತಿ, ಶರಾವತಿ, ವರದಾ ಹೊಳೆಗಳ ದಂಡೆಯಲ್ಲಿ ತಾವಾಗಿ ಬೆಳೆದ ಅಪ್ಪೆಮಿಡಿ ಮರಗಳು ನಮ್ಮ ಸೀಮೆಯ ಸೊತ್ತು; ಅಪ್ಪೆಮಿಡಿಗೆ ಭೌಗೋಳಿಕ ಸೂಚಕವೂ ಸಿಕ್ಕಿದೆ. ಜೀರಿಗೆ ಅಪ್ಪೆ, ಕರ್ಪೂರ ಅಪ್ಪೆ, ಅನಂತಭಟ್ಟನ ಅಪ್ಪೆ ಎಂದು ಮರಮರಕ್ಕೂ ಬೇರೆ ಪರಿಮಳ, ಬೇರೆ ಹೆಸರು. ಮಿಡಿಯನ್ನು ತೊಟ್ಟು ಸಹಿತ ಕೊಯ್ಯಬೇಕು, ನೆಲಕ್ಕೆ ಬೀಳಿಸಿದ್ದು ಕೆಲಸಕ್ಕೆ ಬಾರದು. ಚೂರು ತೊಟ್ಟು ಉಳಿಸಿ, ತೊಳೆದು, ಪಸೆ ಆರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು ಹಾಕುತ್ತ ಹೋದರೆ ಕೆಲವೇ ದಿನದಲ್ಲಿ ಅದೇ ನೀರು ಬಿಟ್ಟು ಮಿಡಿ ಸುರುಟುತ್ತದೆ. ಆ ಉಪ್ಪುನೀರಿನಲ್ಲೇ ಸಾಸಿವೆ, ಮೆಣಸು ಬೀಸಿ ಹಾಕಿದ್ದು ನಿಜವಾದ ಮಿಡಿ ಉಪ್ಪಿನಕಾಯಿ. ಎಣ್ಣೆ ಬೇಡ, ಸಿರ್ಕಾ ಬೇಡ. ಒಂದು ಮಿಡಿಯನ್ನು ತೊಟ್ಟಿನ ತುದಿ ಹಿಡಿದು ಎತ್ತಿ ನೋಡಿ. ಮೈ ನೆರಿಗೆ ಬಿದ್ದು ಸಣ್ಣದಾಗಿರಬೇಕು, ಒತ್ತಿದರೆ ಬಿರುಸು ತಿಳಿಯಬೇಕು. ಕಚ್ಚಿದಾಗ ‘ಕಟ್’ ಎನ್ನಬೇಕು, ಆಮೇಲೆ ಸೊನೆಯ ವಾಸನೆ ಮೂಗಿಗೆ ಏರಬೇಕು. ಒಳಗಿನ ಗೊರಟು ಇನ್ನೂ ಬಲಿತಿರಬಾರದು. ಇಂಥ ಮಿಡಿ ಬಡಿಸುವವರು ವರ್ಷದ ಹಿಂದೆಯೇ ಮರ ಹುಡುಕಿ, ಕೊಯ್ಲಿನವರಿಗೆ ಹೇಳಿ, ಭರಣಿ ತುಂಬಿಸಿಟ್ಟವರು. ಲಾಸ್ ವೇಗಸ್ಸಿನಲ್ಲಿ ಮಾಂಸದ ವಾರ ಕೇಳಿದಂತೆ ಇಲ್ಲಿ ‘ಮಿಡಿ ಯಾವ ಕಡೆಯದು?’ ಎಂದು ಕೇಳಬಹುದು. ಉತ್ತರವಿದ್ದವರು ಸಂತೋಷದಿಂದ ಹೇಳುತ್ತಾರೆ, ಬೇಕೆಂದರೆ ಇನ್ನೆರಡು ಮಿಡಿ ಹಾಕುತ್ತಾರೆ. ಮೆತ್ತಗಿನ ಮಾವಿನ ಹೋಳು ಕೆಂಪು ಎಣ್ಣೆಯಲ್ಲಿ ತೇಲುತ್ತಿದ್ದರೆ ಆ ಅಡಿಗೆಮನೆ ಊರಿನ ಜೊತೆ ಸಂಬಂಧ ಬಿಟ್ಟಿದೆ ಎಂದು ತಿಳಿಯಿರಿ.

ಮೀನಿನ ಊಟ ಬಯಸುವವರು ದೇವಸ್ಥಾನದ ಊರಲ್ಲಿ ಅದೆಲ್ಲ ಎಲ್ಲಿ ಎಂದು ಸುಮ್ಮನಾಗುವುದುಂಟು. ಹಾಗೇನಿಲ್ಲ. ಮಾರಿಕಾಂಬೆಗೆ ಕೋಣನ ಬಲಿ ಕೊಡುವುದು ನಿಂತದ್ದು ಗಾಂಧೀಜಿ 1934ರಲ್ಲಿ ಶಿರಸಿಗೆ ಬಂದ ಕಾಲದ ಚಳವಳಿಯಿಂದ. ದೇವಸ್ಥಾನದ ರೀತಿ ಬದಲಾಯಿತು, ಊರಿನವರೆಲ್ಲರ ಅಡಿಗೆ ಬದಲಾಗಲಿಲ್ಲ. ದೇವಿಮನೆ ಘಟ್ಟ ಇಳಿದರೆ ಕುಮಟಾ, ಶಿರಸಿಯಿಂದ ಸುಮಾರು 60 ಕಿಲೋಮೀಟರು. ಬೆಳಿಗ್ಗೆ ದಕ್ಕೆಯಲ್ಲಿ ಇಳಿದ ಬಂಗ್ಡೆ, ತಾರ್ಲೆ, ನೊಗಲಿ, ಶೆಟ್ಲಿ ಅದೇ ದಿನ ಘಟ್ಟ ಹತ್ತಿ ಬರುತ್ತವೆ. ಆದ್ದರಿಂದ ಮೀನಿನ ಖಾನಾವಳಿಯಲ್ಲಿ ಮಧ್ಯಾಹ್ನದ ಊಟವೇ ಮೇಲು; ರಾತ್ರಿಗೆ ಅದೇ ಮೀನು ಮಂಜುಗಡ್ಡೆಯೊಳಗೆ ಇನ್ನೊಂದಿಷ್ಟು ತಾಸು ಕಳೆದಿರುತ್ತದೆ. ‘ಯಾವ ಮೀನಿದೆ’ ಎಂದು ಕೇಳಬೇಡಿ, ‘ಇವತ್ತು ಯಾವುದು ಬಂತು’ ಎಂದು ಕೇಳಿ. ಹೇಳಿದ ಎರಡು ಮೂರರಲ್ಲೇ ಆರಿಸಿ. ಯಾವಾಗಲೂ ಎಲ್ಲ ಮೀನೂ ಇರುವ ಖಾನಾವಳಿಯಲ್ಲಿ ದೊಡ್ಡ ಐಸ್ ಪೆಟ್ಟಿಗೆ ಇದೆ ಎಂದಷ್ಟೇ ಗೊತ್ತಾಗುತ್ತದೆ. ಹುರಿಯುವ ಮುಂಚೆ ತೋರಿಸಿ ಎಂದರೆ ಒಳ್ಳೆಯ ಖಾನಾವಳಿಯವರು ಬೇಸರಿಸುವುದಿಲ್ಲ: ಕಿವಿರು ಕೆಂಪಗಿರಬೇಕು, ಹೊಟ್ಟೆ ಗಟ್ಟಿಯಿರಬೇಕು. ಬಂಗ್ಡೆಯ ಸಾರಿನಲ್ಲಿ ಜುಮ್ಮನಕಾಯಿ ಬಿದ್ದಿದೆಯೇ, ಹುಳಿಗೆ ಮುರುಗಲು ಹಾಕಿದ್ದಾರೆಯೇ ನೋಡಿ. ಜೊತೆಗೆ ಕುಚ್ಚಲಕ್ಕಿ ಅನ್ನವಿದ್ದರೆ ಬೇರೆ ಯೋಚನೆ ಮಾಡಬೇಡಿ. ಬಳಚು ಸಿಕ್ಕಿದರೆ ಬಿಡಬೇಡಿ. ಅದು ಅಘನಾಶಿನಿಯ ಅಳಿವೆಯಲ್ಲಿ ಕೆಸರು ಬಗೆದು ಆರಿಸುವ ಚಿಪ್ಪು. ಆ ಹೊಳೆಯ ಒಂದು ಮೂಲ ಶಿರಸಿ ಪೇಟೆಯೊಳಗಿನ ಶಂಕರಹೊಂಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆಗ ಜೋಗ ನೋಡಲು ಬಂದವರು ಇಸೋಣ ಫ್ರೈ ಕೇಳುವುದಕ್ಕಿಂತ ಒಣಮೀನಿನ ಚಟ್ನಿ ಕೇಳುವುದು ಜಾಣತನ.

ಯಲ್ಲಾಪುರದ ಮಾತು ಬೇರೆ. ಅದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಊರು, ಹಗಲೂ ರಾತ್ರಿಯೂ ಲಾರಿ ಓಡುವ ದಾರಿ. ಅರಬೈಲು ಘಟ್ಟ ಹತ್ತಿ ಬಂದ ಚಾಲಕರು ಅಲ್ಲಿ ಕಾಲು ಚಾಚುತ್ತಾರೆ. ಹುಬ್ಬಳ್ಳಿಯ ಗಾಳಿ ಅಲ್ಲಿ ಜೋರು: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ. ಯಲ್ಲಾಪುರದಲ್ಲಿ ತಂಬುಳಿ ಹುಡುಕುವುದಕ್ಕಿಂತ ರೊಟ್ಟಿ ಬಡಿಯುವ ಸದ್ದು ಕೇಳುವ ಖಾನಾವಳಿ ಹುಡುಕಿ. ಒಲೆಯಿಂದ ನೇರ ತಾಟಿಗೆ ಬರುವ ಬಿಸಿ ರೊಟ್ಟಿಗೂ, ಬೆಳಿಗ್ಗೆ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟದ್ದಕ್ಕೂ ಅಜಗಜಾಂತರ. ಮಾಗೋಡು, ಸಾತೊಡ್ಡಿ ಜಲಪಾತಗಳಿಗೆ ಹೋಗುವವರು ಪೇಟೆಯಲ್ಲೇ ಉಂಡು ಹೊರಡಬೇಕು, ಅಲ್ಲಿ ಊಟ ಸಿಕ್ಕೀತು ಎಂದು ನಂಬಿ ಹೋದರೆ ಚಿಪ್ಸ್ ಪೊಟ್ಟಣವೇ ಗತಿ. ಮುಂಡಗೋಡದ ಮೇಲೆ ಬರುವವರಾದರೆ ಅಲ್ಲಿನ ಟಿಬೆಟನ್ ಕ್ಯಾಂಪಿನಲ್ಲಿ ಒಂದು ಬಟ್ಟಲು ತುಕ್ಪಾ ಕುಡಿದು ಬರಬಹುದು. 1960ರ ದಶಕದಲ್ಲಿ ನೆಲೆ ಕಳೆದುಕೊಂಡು ಬಂದವರ ಅಡಿಗೆ ಈಗ ನಮ್ಮ ಜಿಲ್ಲೆಯ ಅಡಿಗೆಯೇ ಆಗಿದೆ.

ಸಿದ್ದಾಪುರ ಸಣ್ಣ ಪೇಟೆ. ಜೋಗಕ್ಕೆ, ಉಂಚಳ್ಳಿಗೆ, ಭುವನಗಿರಿಗೆ ಹೋಗುವವರು ಅಲ್ಲಿ ಹಾದು ಹೋಗುತ್ತಾರೆ. ಅಲ್ಲಿ ಬೆಳಗಿನ ತಿಂಡಿಯನ್ನೇ ನೆಚ್ಚಿಕೊಳ್ಳಿ. ಎಂಟು ಗಂಟೆಗೆ ಬಸ್ ಸ್ಟ್ಯಾಂಡಿನ ಆಸುಪಾಸು ಅವಲಕ್ಕಿ, ಇಡ್ಲಿ, ಬನ್ಸ್ ಬಿಸಿಬಿಸಿ ಇರುತ್ತವೆ. ಮಧ್ಯಾಹ್ನಕ್ಕೆ ಹಳ್ಳಿಯ ಹೋಂಸ್ಟೇ ಹಿಡಿಯುವುದು ಒಳ್ಳೆಯದು. ನಮ್ಮ ಮನೆಯಡಿಗೆಗೆ ಹೊರಗಿನವರ ಮುಂದೆ ಬಾಗಿಲು ತೆರೆದದ್ದೇ ಈ ಹೋಂಸ್ಟೇಗಳು. ಅಡಿಕೆ ತೋಟದ ನಡುವಿನ ಮನೆಗಳವರು ಉಳಿಯದೆ ಊಟಕ್ಕಷ್ಟೇ ಬರುವವರಿಗೂ ಅಡಿಗೆ ಮಾಡಿಕೊಡುತ್ತಾರೆ. ಆದರೆ ಹಿಂದಿನ ದಿನ ಸಂಜೆಯೊಳಗೆ ಫೋನು ಮಾಡಬೇಕು. ‘ನಾಳೆ ಮಧ್ಯಾಹ್ನ ನಾಲ್ಕು ಜನ ಬರ್ತೇವೆ ಅಕ್ಕಾ, ಅಡ್ಡಿಲ್ವಾ? ನೀವು ಮನೆಯಲ್ಲಿ ಏನು ಉಣ್ತೀರೋ ಅದೇ ಸಾಕು’ ಎಂದು ಹೇಳಿ. ಆ ಕೊನೆಯ ಮಾತು ಬಿಡಬೇಡಿ. ಬೆಂಗಳೂರಿನವರು ಬರುತ್ತಾರೆಂದು ಪಾಪ, ಅವರು ಪೇಟೆಗೆ ಹೋಗಿ ಪನೀರು ತಂದಿಡುತ್ತಾರೆ. ನೀವು ಮನೆಯ ಊಟ ಕೇಳಿದರೆ ಆ ಅಕ್ಕ ಬೆಳಿಗ್ಗೆ ಹಿತ್ತಲಿಗೆ ಹೋಗಿ ಸೊಪ್ಪು ಕೊಯ್ಯುತ್ತಾಳೆ. ಹೊತ್ತು ತಪ್ಪಿಸಬೇಡಿ, ಒಂದು ಗಂಟೆಗೆ ಬರುತ್ತೇವೆಂದು ಹೇಳಿ ಮೂರು ಗಂಟೆಗೆ ಹೋದರೆ ತಂಬುಳಿ ಕೆಟ್ಟಿರುತ್ತದೆ, ಆ ಮನೆಯವರೂ ಉಣ್ಣದೆ ಕಾದಿರುತ್ತಾರೆ.

ಡಿಸೆಂಬರಿನಿಂದ ಮಾರ್ಚಿನವರೆಗೆ ಬಂದವರಿಗೆ ಆಲೆಮನೆಯ ಯೋಗವಿದೆ. ಕೋಣ ಕಟ್ಟಿ ಕಬ್ಬು ಅರೆಯುವ ಗಾಣಗಳು ಈಗ ವಿರಳ, ಹೆಚ್ಚಿನ ಕಡೆ ಮಿಷನ್ನು ಬಂದಿದೆ. ಆದರೂ ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವ ಪರಿಮಳ ಅದೇ. ಕಬ್ಬಿನ ಹಾಲಿಗೆ ಮಂಡಕ್ಕಿ, ಮಿರ್ಚಿ ಸೇರಿಸಿ ಕೊಡುವುದು ಆಲೆಮನೆಯ ಪದ್ಧತಿ. ಸಿಹಿಗೆ ಖಾರ ಬೇಕೇ ಬೇಕು, ಇಲ್ಲವಾದರೆ ಎರಡನೆಯ ಲೋಟ ಇಳಿಯದು. ಅದೇ ಕಬ್ಬಿನ ಹಾಲು ತೊಡದೇವು ಆಗುವುದನ್ನು ಒಮ್ಮೆ ನಿಂತು ನೋಡಿ. ಉರಿಯ ಮೇಲೆ ಗಡಿಗೆಯನ್ನು ಬೋರಲು ಹಾಕಿ, ಅದರ ಬೆನ್ನಿಗೆ ಎಣ್ಣೆ ಸವರಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಅಕ್ಕಿಹಿಟ್ಟು ಬೆರೆತ ಕಬ್ಬಿನ ಹಾಲಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ಬಳಿಯುತ್ತಾರೆ. ಅರೆಕ್ಷಣದಲ್ಲಿ ಅದು ಕಾಗದದಷ್ಟು ತೆಳುವಾಗಿ ಏಳುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ತಣಿದರೆ ಮುರಿಯುತ್ತದೆ. ಜಾತ್ರೆಯಲ್ಲಿ ಹೆಂಗಸರ ಸ್ವಸಹಾಯ ಸಂಘಗಳು ಮಾರುವ ತೊಡದೇವು ಕೊಳ್ಳುವಾಗ ಪೊಟ್ಟಣವನ್ನು ಮೆಲ್ಲಗೆ ಅಲುಗಿಸಿ: ಸರಸರ ಸದ್ದು ಬಂದರೆ ಹೊಸದು. ತಿನ್ನುವಾಗ ಮೇಲೊಂದು ಚಮಚ ತುಪ್ಪ.

ದುಡ್ಡಿನ ಮಾತು ಬೇಡ ಎಂದುಕೊಂಡವರಿಗೆ, ತೀರಾ ಬಳಲಿದವರಿಗೆ, ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ಬಂದವರಿಗೆ ಸೋದೆಯ ವಾದಿರಾಜ ಮಠದಂಥಲ್ಲಿ ಮಧ್ಯಾಹ್ನದ ಊಟ ಇದ್ದೇ ಇದೆ. ಪಂಕ್ತಿಯಲ್ಲಿ ಕೂತು ಉಣ್ಣುವ ಅನ್ನ, ಸಾರು, ಪಾಯಸಕ್ಕೆ ಯಾವ ಆಯ್ಕೆಯೂ ಬೇಕಿಲ್ಲ. ಸಹಸ್ರಲಿಂಗ ನೋಡಿದ ದಾರಿಯಲ್ಲೇ ಅದು.

ಇನ್ನು ಹೋಟೆಲು ನಡೆಸುವವರಿಗೆ ಒಂದು ಮಾತು, ಜಗಳದ ಮಾತಲ್ಲ. ತಂಬುಳಿ ಹೋಟೆಲಿಗೆ ಆಗುವುದಿಲ್ಲ ಎನ್ನುವುದು ಅರ್ಧ ಸತ್ಯ. ಕೆಡುವುದು ಕದಡಿಟ್ಟ ತಂಬುಳಿ. ಬಾಡಿಸಿದ ಸೊಪ್ಪು, ಜೀರಿಗೆ, ಮೆಣಸನ್ನು ಕಾಯಿ ಸೇರಿಸದೆ ಬೀಸಿ ಫ್ರಿಜ್ಜಿನಲ್ಲಿ ಇಟ್ಟರೆ ಆ ದಿನಕ್ಕೆ ಏನೂ ಆಗುವುದಿಲ್ಲ. ಪಂಕ್ತಿ ಕೂರುವ ಹೊತ್ತಿಗೆ ಕಾಯಿ ಬೀಸಿ, ಮಜ್ಜಿಗೆಯಲ್ಲಿ ಕದಡಿ, ಒಗ್ಗರಣೆ ಹಾಕಲು ಹತ್ತು ನಿಮಿಷ ಸಾಕು. ಹನ್ನೆರಡೂವರೆಗೆ ಒಂದು ಪಾತ್ರೆ, ಒಂದೂವರೆಗೆ ಇನ್ನೊಂದು. ಬಾಗಿಲ ಬಳಿಯ ಕರಿಹಲಗೆಯ ಮೇಲೆ ‘ಇಂದಿನ ತಂಬುಳಿ: ಒಂದೆಲಗ’ ಎಂದು ಸೀಮೆಸುಣ್ಣದಲ್ಲಿ ಬರೆಯಿರಿ. ಅಪ್ಪೆಹುಳಿಗೆ ಲೋಟದ ಲೆಕ್ಕದಲ್ಲಿ ಬೆಲೆ ಹಾಕಿ, ಮುಜುಗರ ಬೇಡ; ಬಾಟಲಿ ಪಾನೀಯಕ್ಕೆ ಕೊಡುವವರು ಅದಕ್ಕೂ ಕೊಡುತ್ತಾರೆ. ಮುಂದಿನ ಜಾತ್ರೆಯ ವಾರದಲ್ಲಿ ಮಾಡಿ ನೋಡಿ. ಬಂದವರಲ್ಲಿ ಕಾಲು ಪಾಲು ಜನ ಕೇಳಿದರೂ ಎರಡು ಪಾತ್ರೆ ಸಾಲುವುದಿಲ್ಲ.